ಹತ್ತನೇ ನಂಬರಿನ ಗೋಡೆ

ವೈರಪ್ಪನ ಹಿಂದಿನ ಎರಡು ಸಂದರ್ಶನಗಳೂ ಅವನು ಬಾಯಿ ತೆರೆದಾಗಲೇ ನಿಂತುಹೋಗಿದ್ದವು. ಅತ್ತ ಕಡೆಯವರ ಪರದೆಯ ಮೇಲೆ ಆ ತೆರೆದ ಬಾಯಿ ಐದು ನಿಮಿಷ ಅಲುಗಾಡದೆ ಉಳಿದು, ಕೆಲಸ ಇನ್ಯಾರಿಗೋ ಹೋಗಿತ್ತು. ಕೆಲಸವಿಲ್ಲದೆ ಏಳು ತಿಂಗಳು. ಇವತ್ತು ನಾಲ್ಕು ಗಂಟೆಗೆ ಮೂರನೆಯ ಸಂದರ್ಶನ, ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ. ಇದೂ ಕೈತಪ್ಪಿದರೆ ಮನೆಯಲ್ಲಿ ತಲೆಯೆತ್ತುವುದು ಹೇಗೆಂದು ಅವನಿಗೆ ತಿಳಿಯದು.

ತಪ್ಪು ಯಾರದೆಂಬುದರಲ್ಲಿ ಮಾತ್ರ ಅನುಮಾನವಿರಲಿಲ್ಲ. ಅತ್ತಿಗೆ ನಡುಮನೆಯಲ್ಲಿ ಕೂತು ಇಂಟರ್ನೆಟ್ಟಿನಲ್ಲಿ ಹೊಲಿಗೆ ಕಲಿಸುತ್ತಾಳೆ. ಅಮ್ಮ ಚಿಕ್ಕಮ್ಮನ ಮುಖ ನೋಡುತ್ತಾ ಫೋನಿನಲ್ಲಿ ಹರಟುತ್ತಾಳೆ. ಇಬ್ಬರೂ ಸೇರಿ ಲೈನನ್ನು ನುಂಗಿ ನೀರು ಕುಡಿಯುತ್ತಿದ್ದಾರೆ!

"ಗೋಡೆ ಹಾಕ್ತೀನಿ ಅಮ್ಮಾ," ಎಂದ.

"ಅಯ್ಯೋ, ಮನೆ ಪಾಲು ಮಾಡ್ತೀಯೇನೋ?"

"ಇಂಟರ್ನೆಟ್ಟಿಗೆ ಮಾತ್ರ. ಎಲ್ಲ ಕೋಣೆ ಇಂಟರ್ನೆಟ್ ತಂತೀನೂ ಸ್ವಿಚ್ ಅನ್ನೋ ಪೆಟ್ಟಿಗೆಗೆ ಬರತ್ತೆ, ಅಲ್ಲಿಂದ ಒಂದೇ ತಂತಿ ರೌಟರಿಗೆ. ಪೆಟ್ಟಿಗೆ ಒಳಗೇ ಕಾಣದ ಗೋಡೆ ಹಾಕಬಹುದು. ವಿಎಲ್ಯಾನ್ ಅಂತಾರೆ. ನನ್ನ ಕೋಣೆ ನಂಬರು ಹತ್ತು, ನಿಮ್ಮೆಲ್ಲರದ್ದು ಇಪ್ಪತ್ತು."

"ಕಾಣದ ಗೋಡೇನೇ ಕಣೋ ಕಷ್ಟ," ಎಂದಳು ಅಮ್ಮ. "ಕಾಣೋದಾದ್ರೆ ಒಡೀಬಹುದು."

ವೈರಪ್ಪ ಕೇಳಿಸಿಕೊಳ್ಳಲಿಲ್ಲ. ಪೆಟ್ಟಿಗೆಯಲ್ಲಿ ಗೋಡೆ ಎಬ್ಬಿಸಿ, ಲೈನಿನಲ್ಲಿ ಹತ್ತನೇ ನಂಬರಿಗೆ ಮುಕ್ಕಾಲು ಪಾಲು, ಇಪ್ಪತ್ತಕ್ಕೆ ಕಾಲು ಪಾಲು ಎಂದು ರೌಟರಿಗೆ ಕಟ್ಟಪ್ಪಣೆ ಮಾಡಿ, ಸ್ನಾನ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು, ನಾಲ್ಕಕ್ಕೆ ಐದು ನಿಮಿಷವಿರುವಾಗ ಲ್ಯಾಪ್‌ಟಾಪ್ ತೆರೆದ. ಇಂಟರ್ನೆಟ್ಟೇ ಇಲ್ಲ!

ತಂತಿ ಕಿತ್ತು ಚುಚ್ಚಿದ. ಉಹೂಂ. ನಡುಮನೆಯಲ್ಲಿ ಅತ್ತಿಗೆಯ ಪಾಠ ಸುಗಮವಾಗಿ ನಡೆದಿತ್ತು. ಬೇರೆ ದಾರಿ ಕಾಣದೆ ಲ್ಯಾಪ್‌ಟಾಪ್ ಎತ್ತಿಕೊಂಡು ಅಮ್ಮನ ಕೋಣೆಗೆ ಓಡಿ, ಅಲ್ಲಿನ ತಂತಿ ಚುಚ್ಚಿ, ಮಂಚದ ಮೇಲೆ ಕೂತ.

ಗಡ್ಡದ ಅಧಿಕಾರಿಯೊಬ್ಬರು ಪರದೆಯ ಮೇಲೆ ಬಂದರು. ಹಿಂದಿನಿಂದ ಅಮ್ಮ, "ಚಿಕ್ಕಮ್ಮ ಒಳ್ಳೇದಾಗ್ಲಿ ಅಂತಿದಾಳೆ ನೋಡೋ," ಎಂದು ಫೋನನ್ನು ಅವನ ಕೆನ್ನೆಗೇ ಹಿಡಿದಳು.

"ಯಾರ್ರೀ ಅವರು?" ಎಂದರು ಅಧಿಕಾರಿ.

"ನಮ್ಮಮ್ಮ ಸಾರ್. ನನ್ನ ಕೋಣೇಲಿ ಇಂಟರ್ನೆಟ್ ಇಲ್ಲ..." ಎಂದು ವೈರಪ್ಪ ನಾಚಿಕೆ ಬಿಟ್ಟು ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದ.

"ರೌಟರಿಗೆ ಹೋಗೋ ತಂತೀಲಿ ಹತ್ತನೇ ನಂಬರಿಗೆ ದಾರಿ ಕೊಟ್ರಾ?"

ವೈರಪ್ಪನ ಬಾಯಿ ತೆರೆದಿತ್ತು. ಈ ಸಲ ಲೈನು ನಿಂತಿರಲಿಲ್ಲ.

"ಗೋಡೆ ಕಟ್ಟಿದೀರಿ, ಬಾಗಿಲು ಇಟ್ಟಿಲ್ಲ. ಆಯ್ತು, ತಿಳಿಸ್ತೀವಿ," ಎಂದರು ಅವರು. ಆ 'ತಿಳಿಸ್ತೀವಿ'ಯ ಅರ್ಥ ಏಳು ತಿಂಗಳಲ್ಲಿ ಅವನಿಗೆ ಚೆನ್ನಾಗಿ ಗೊತ್ತಾಗಿತ್ತು.

ಅಷ್ಟರಲ್ಲಿ ಅತ್ತಿಗೆ ಖುಷಿಯಿಂದ ಬಂದಳು. "ಏನಪ್ಪಾ ಮಾಡಿದೆ? ಇವತ್ತು ಪಾಠ ಒಂದು ಸಲಾನೂ ನಿಲ್ಲಲಿಲ್ಲ!"

ವೈರಪ್ಪ ತಬ್ಬಿಬ್ಬಾದ. ಇವರಿಗೆ ಕೊಟ್ಟದ್ದೇ ಕಾಲು ಪಾಲು. ಅದರಲ್ಲಿ ಪಾಠ, ಹರಟೆ, ಸಂದರ್ಶನ ಮೂರೂ ನಡೆದಿವೆ. ಹಾಗಾದರೆ ಇಷ್ಟು ದಿನ ಲೈನು ತಿಂದವರು ಯಾರು? ಎಂದು ಗೊಣಗುತ್ತಾ ಮೆಲ್ಲಗೆ ತನ್ನ ಕೋಣೆಗೆ ಹೋದ. ಮೂಲೆಯಲ್ಲಿ ಅವನ ಹಳೆಯ ಕಂಪ್ಯೂಟರು ಚಾಲೂ ಇತ್ತು. ಕಲಿಯಬೇಕೆಂದು ಕೂಡಿಟ್ಟ ಪಾಠದ ವಿಡಿಯೋಗಳ ಪ್ರತಿ ಇಂಟರ್ನೆಟ್ಟಿನಲ್ಲೂ ಇರಲಿ ಎಂದು ಏಳು ತಿಂಗಳ ಹಿಂದೆ ತಾನೇ ಹಚ್ಚಿ ಮರೆತದ್ದು; ಅಂದಿನಿಂದ ಹಗಲೂ ರಾತ್ರಿ ಕಳಿಸುತ್ತಲೇ ಇತ್ತು. 'ಸಂಪರ್ಕವಿಲ್ಲ. ಕಳಿಸುವುದು ನಿಂತಿದೆ,' ಎಂದು ಅದು ತೋರಿಸುತ್ತಿತ್ತು.

"ಲೈನ್ ಕಳ್ಳ ಸಿಕ್ಕಿದನೇನೋ?" ಎಂದು ಅಮ್ಮ ಕೂಗಿದಳು.

"ಸಿಕ್ಕಿದ ಅಮ್ಮಾ," ಎಂದ ಸಣ್ಣ ದನಿಯಲ್ಲಿ. ತಲೆತಗ್ಗಿಸಿ ಅವಳ ಕೋಣೆಗೆ ಬಂದು ಎಲ್ಲವನ್ನೂ ಹೇಳಿ, "ಗೋಡೆ ತೆಗೀಲಾ?" ಎಂದು ಕೇಳಿದ.

ಅಮ್ಮ, ಅತ್ತಿಗೆ, ಫೋನಿನೊಳಗಿನ ಚಿಕ್ಕಮ್ಮ, ಮೂವರೂ ಒಟ್ಟಿಗೆ ಕಿರುಚಿದರು: "ಬೇಡ!"

ಅಮ್ಮ ಮಂಚದ ಮೇಲೆ ಸರಿದು ಜಾಗ ಬಿಟ್ಟಳು. "ನಿನಗೆ ಬೇಕಾದಾಗ ಇಲ್ಲಿಗೇ ಬಾ."