ಯಾರೂ ಇಲ್ಲದ ಜಾಗದಲ್ಲಿ ಹುಟ್ಟಿದ ನನ್ನ ತಾಯಿಯ ಕುರಿತು

ನಗರಸಭೆಯ ಇತಿಹಾಸ ಫಲಕ ವಿಭಾಗದ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮ ಬಡಾವಣೆಯ ಚರಿತ್ರೆಯನ್ನು ಕರಿಕಲ್ಲಿನಲ್ಲಿ ಕೊರೆಸಿ ಉದ್ಯಾನದ ಬಾಗಿಲಲ್ಲಿ ನಿಲ್ಲಿಸಿದ ತಮಗೆ, ಅದರ ಎದುರಿಗೇ ಮೂವತ್ತು ವರ್ಷಗಳಿಂದ ಕ್ಷೌರದ ಅಂಗಡಿ ಇಟ್ಟುಕೊಂಡಿರುವ ನಾನು ಕತ್ತರಿ ಕೆಳಗಿಟ್ಟು ಕೈಮುಗಿಯುತ್ತೇನೆ. ಇಲ್ಲಿನ ಜನ ‘ಶಾಂತಿಪ್ರಿಯರು, ಪರಸ್ಪರ ಸಹಕಾರಿಗಳು’ ಎಂದು ತಾವು ಬರೆಸಿದ್ದನ್ನು ಓದಿ ಬಂದು, ಕಾರು ನಿಲ್ಲಿಸುವ ಜಾಗಕ್ಕಾಗಿ ಹನ್ನೊಂದು ವರ್ಷಗಳಿಂದ ಮಾತು ಬಿಟ್ಟಿರುವ ನೆರೆಮನೆಯವರಿಬ್ಬರು ನನ್ನ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತು ಒಟ್ಟಿಗೆ ನಕ್ಕರು. ಅಷ್ಟರಮಟ್ಟಿಗೆ ಸಹಕಾರ ಆರಂಭವಾಗಿದೆ.

ತೊಂದರೆ ಮೂರನೆಯ ಸಾಲಿನದು. ಐವತ್ತು ವರ್ಷಗಳ ಹಿಂದೆ ಬಡಾವಣೆ ಆಗುವ ಮುನ್ನ ಇಲ್ಲಿ ಯಾರೂ ವಾಸವಿರಲಿಲ್ಲ ಎಂದಿದ್ದೀರಿ. ಇಲ್ಲಿ ಇಟ್ಟಿಗೆ ಗೂಡು ಇತ್ತು. ಅದರ ಹಿಂದಿನ ಸಾಲುಮನೆಯಲ್ಲಿ ಹುಟ್ಟಿದ ನನ್ನ ತಾಯಿ ಒಂಬತ್ತನೆಯ ವಯಸ್ಸಿಗೇ ಅಚ್ಚಿಗೆ ಮಣ್ಣು ತುಂಬಲು ಕೂತವಳು. ಆ ಸಾಲಿನಲ್ಲಿ ಉಳಿದಿರುವ ಒಂದೇ ಮನೆಯಲ್ಲಿ ಇಂದಿಗೂ ಅವಳೂ ನಾನೂ ಇದ್ದೇವೆ. ಅದರ ಹಕ್ಕುಪತ್ರಕ್ಕೆ ಅರ್ಜಿ ಹಾಕಿದರೆ, ಅವಳ ಹೇಳಿಕೆ ಫಲಕಕ್ಕೆ ವಿರುದ್ಧವಾಗಿದೆಯೆಂದು ತಮ್ಮದೇ ಕಚೇರಿಯವರು ಅರ್ಜಿ ತಿರಸ್ಕರಿಸಿ, ಮೂವತ್ತು ದಿನದೊಳಗೆ ಮನೆ ತೆರವು ಮಾಡಲು ನೋಟಿಸು ಕೊಟ್ಟಿದ್ದಾರೆ. ಕಲ್ಲಿನಲ್ಲಿ ಕೊರೆದದ್ದು ಸುಳ್ಳಾಗುವುದುಂಟೇ? ನನ್ನ ತಾಯಿಯೇ ಸುಳ್ಳಿರಬೇಕು.

ಫಲಕ ಓದಿ ಹೇಳಿದಾಗ ಅವಳು, “ಯಾರೂ ಇರ್ಲಿಲ್ಲ ಅಂದ್ರೆ ಗೂಡಿಗೆ ಬೆಂಕಿ ಯಾರು ಹಾಕ್ತಿದ್ರು ಅಂತ ಕೇಳೋ” ಎಂದಳು. ನೋಟಿಸನ್ನು ಮಡಿಸಿ ನನ್ನ ಕೈಗಿಟ್ಟು, “ಈ ವಯಸ್ಸಲ್ಲಿ ಎಲ್ಲಿಗೆ ಹೋಗೋದೋ ಮಗಾ” ಎಂದಳು.

ಆದರೂ ತಮ್ಮಂಥವರ ಕೆಲಸಕ್ಕೆ ಕಲ್ಲು ಹಾಕುವವನು ನಾನಲ್ಲ. ಫಲಕ ತಿದ್ದುವುದು ಕಷ್ಟವಾದರೆ ತಾಯಿಯನ್ನು ಎಪ್ಪತ್ತೆಂಟು ವರ್ಷ ಹಿಂದಕ್ಕೆ ಕಳಿಸಿ ಬೇರೆಲ್ಲಾದರೂ ಹುಟ್ಟಿಸಿಕೊಡಿ. ನನ್ನನ್ನು ಯಾರೂ ಹೆತ್ತಿಲ್ಲವೆಂದು ಒಂದು ಪ್ರಮಾಣಪತ್ರವನ್ನೂ ದಯಪಾಲಿಸಿದರೆ, ಅಂಗಡಿಯ ಪರವಾನಗಿಯ ಪಕ್ಕ ತೂಗುಹಾಕುತ್ತೇನೆ.

ಇಲ್ಲದ ಮನೆಯಿಂದ,
ತಮ್ಮ ವಿಶ್ವಾಸಿ,
ಎದುರಂಗಡಿಯ ಕ್ಷೌರಿಕ

ಮರೆತ ಮಾತು: ಆ ಕಾಲದ ದಾಖಲೆ ತನ್ನಿ ಎಂದಿದ್ದಿರಿ. ಯಾರ ಇಟ್ಟಿಗೆ ಯಾರದೆಂದು ತಿಳಿಯಲು ಗೂಡಿನವರು ಹಸಿ ಇಟ್ಟಿಗೆಯ ಮೂಲೆಗೆ ತಂತಮ್ಮ ಗುರುತು ಒತ್ತುತ್ತಿದ್ದರು, ತಾಯಿಯದು ಹೆಬ್ಬೆರಳು. ತಮ್ಮ ಕಚೇರಿ ಕಟ್ಟಿದ್ದು ಆ ಗೂಡಿನ ಇಟ್ಟಿಗೆಯಿಂದಲೇ. ತಮ್ಮ ಕುರ್ಚಿಯ ಹಿಂದೆ ಗಾರೆ ಉದುರಿದಲ್ಲಿ ಆ ಪುಟ್ಟ ಹೆಬ್ಬೆಟ್ಟನ್ನು ನಾನೇ ನೋಡಿ ಬಂದಿದ್ದೇನೆ. ಸೋಮವಾರ ತಾಯಿಯನ್ನು ಕರೆತರುತ್ತೇನೆ. ಅವಳು ಬಂದಾಗ ದಯವಿಟ್ಟು ಎದ್ದು ನಿಲ್ಲಿ.