ಫೋಟೋದ ಕೆಳಗಿನ ಬಟ್ಟೆ

ಟ್ರೆಮೆ ಬಡಾವಣೆಯ ಇತಿಹಾಸವನ್ನು ಇನ್ನು ತಾನೇ ಕೈಗೆತ್ತಿಕೊಳ್ಳಬೇಕೆಂದು ನೂಮಾ ಡುಪ್ಲೆಸಿ ಆ ಸೋಮವಾರ ಬೆಳಗ್ಗೆ ಕಾಫಿ ಆರುವ ಮುಂಚೆಯೇ ತೀರ್ಮಾನಿಸಿಬಿಟ್ಟ. ನ್ಯೂ ಆರ್ಲಿಯನ್ಸಿನಲ್ಲಿ ಇತಿಹಾಸಕಾರರಿಗೇನೂ ಬರವಿಲ್ಲ. ಆದರೆ ಅವರಲ್ಲಿ ಯಾರ ಹತ್ತಿರವೂ ನೂಮಾನ ಅಮ್ಮ ಬಿಟ್ಟುಹೋದ ಬಿಸ್ಕತ್ತಿನ ಡಬ್ಬ ಇರಲಿಲ್ಲ. ಡಬ್ಬದ ತುಂಬ ಫೋಟೋಗಳು. ಹೈವೇ ಬಂದು ಕ್ಲೇಬೋರ್ನ್ ಬೀದಿಯ ಓಕ್ ಮರಗಳನ್ನು ನುಂಗಿಹಾಕುವ ಮುಂಚಿನ ಕಾಲದವು.

ಈ ಜ್ಞಾನೋದಯಕ್ಕೆ ಕಾರಣ ಹಿಂದಿನ ಬೀದಿಯ ಒರೆಲ್. ಅವನು ಬೀದಿ ಮೆರವಣಿಗೆಯಲ್ಲಿ ಕುಣಿಯುವ ಸಿಲ್ವರ್ ಕೇನ್ ಕ್ಲಬ್ಬಿನ ಅಧ್ಯಕ್ಷ. ನೂಮಾ ಎದುರಾಳಿ ಹ್ಯಾಪಿ ಕಸಿನ್ಸ್ ಕ್ಲಬ್ಬಿನ ಹುಟ್ಟು ಸದಸ್ಯ. ಅಂದಮೇಲೆ ಇಬ್ಬರಿಗೂ ಆಗಿಬರುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಬಡಾವಣೆಯವರೆಲ್ಲ ಸೇರಿಕೊಂಡಿರುವ ‘ನಮ್ಮ ಹಳೇ ಟ್ರೆಮೆ’ ಎಂಬ ಫೇಸ್‌ಬುಕ್ ಪುಟದಲ್ಲಿ ಒರೆಲ್ ತನ್ನ ತಾತನ ಕ್ಷೌರದಂಗಡಿಯ ಫೋಟೋ ಹಾಕಿ ಅರ್ಧ ಊರಿಗೇ ಕಣ್ಣೀರು ತರಿಸಿದ್ದ.

“ಒಂದು ಕುರ್ಚಿ, ಒಂದು ಕನ್ನಡಿ. ಇದಕ್ಕೆ ಇಷ್ಟೊಂದು ಹೃದಯಗಳಾ?” ನೂಮಾ ಹೆಂಡತಿಯ ಮೂಗಿನ ಹತ್ತಿರ ಫೋನು ಹಿಡಿದ. “ನಾನು ಡಬ್ಬ ತೆಗೆದ್ರೆ ಇವನ ಅಂಗಡಿ ಮುಚ್ಚತ್ತೆ, ನೋಡ್ತಿರು.”

“ಅವರ ತಾತನ ಅಂಗಡಿ ಯಾವತ್ತೋ ಮುಚ್ಚಿದೆ,” ಎಂದಳು ಅರ್ಲೀನ್, ಚರ್ಚಿನ ಸಭೆಗೆ ಹೊರಡಲು ಟೋಪಿ ಸರಿಮಾಡಿಕೊಳ್ಳುತ್ತ. “ಡಬ್ಬ ಏನಾದ್ರೂ ಮಾಡ್ಕೋ. ಒಲೆ ಮೇಲೆ ಕೆಂಪು ಕಾಳು ಬೇಯ್ತಾ ಇದೆ, ಆಗಾಗ ತಿರುವು. ತಳ ಹಿಡಿದ್ರೆ ಅದನ್ನೇ ನಿನಗೆ ಬಡಿಸ್ತೀನಿ. ಮತ್ತೆ, ಊಟದ ಮೇಜಿನ ಮೇಲಿರೋದನ್ನ ನೀನು ನೋಡಿಲ್ಲ.”

“ಏನನ್ನ?”

“ಅದನ್ನೇ,” ಎಂದು ಅವಳು ಮೆಟ್ಟಿಲಿಳಿದು ಹೋದಳು.

ನೋಡಬೇಡ ಎಂದಮೇಲೆ ನೋಡದೆ ಇರುವವನಲ್ಲ ನೂಮಾ. ಮೇಜಿನ ಮೇಲೆ ಥಳಥಳಿಸುವ ಕಿತ್ತಳೆ ಬಣ್ಣದ ಸ್ಯಾಟಿನ್ ಬಟ್ಟೆ ಹಾಸಿತ್ತು. ಕ್ಲಬ್ಬಿನ ಸೂಟು ಹೊಲಿಯುವವಳು ಅರ್ಲೀನಳೇ ಆದ್ದರಿಂದ ಅದು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಟ್ರೆಮೆಯಲ್ಲಿ ಒಂದೊಂದು ಕ್ಲಬ್ಬಿಗೆ ವರ್ಷದಲ್ಲಿ ಒಂದು ಭಾನುವಾರ. ಬೀದಿಯಲ್ಲಿ ಬ್ಯಾಂಡು ಬಾರಿಸುತ್ತ ಕಾಯುತ್ತದೆ, ಕ್ಲಬ್ಬಿನ ಬಾಗಿಲು ತೆರೆಯುತ್ತದೆ, ಸದಸ್ಯರೆಲ್ಲ ಟೋಪಿಯಿಂದ ಬೂಟಿನವರೆಗೆ ಒಂದೇ ಬಣ್ಣ ತೊಟ್ಟು ಕುಣಿಯುತ್ತ ಹೊರಗೆ ಬೀಳುತ್ತಾರೆ. ಬಾಗಿಲು ತೆರೆಯುವ ತನಕ ಆ ಬಣ್ಣ ಪಕ್ಕದ ಮನೆಯ ನಾಯಿಗೂ ಗೊತ್ತಾಗಬಾರದು. ಗೊತ್ತಾದರೆ ಮುಂದಿನ ಭಾನುವಾರದವರೆಗೆ, ಅಂದರೆ ಮುಂದಿನ ವರ್ಷದವರೆಗೆ, ಆ ಕ್ಲಬ್ಬಿನವರು ತಲೆಯೆತ್ತಿ ತಿರುಗುವ ಹಾಗಿಲ್ಲ. ಕಳೆದ ವರ್ಷ ನೂಮಾ ಸೀಗಡಿ ಕೊಳ್ಳುವ ಸಾಲಿನಲ್ಲಿ ನಿಂತು ಬಾಯಿ ಬಿಟ್ಟಿದ್ದ. ಹಾಗಾಗಿ ಈ ವರ್ಷದ ಬಣ್ಣ ಗೊತ್ತಿದ್ದದ್ದು ಅರ್ಲೀನಳಿಗೆ ಮತ್ತು ಹ್ಯಾಪಿ ಕಸಿನ್ಸ್ ಅಧ್ಯಕ್ಷ ಸಿಪ್ರಿಯಾನನಿಗೆ ಮಾತ್ರ.

“ಇನ್ನೊಂದ್ಸಲ ಹಿಂಗಾದ್ರೆ ನೀನು ಮುಂದೆ ಕುಣಿಯೋ ಹಾಗಿಲ್ಲ ತಮ್ಮಾ. ಹಿಂದಿಂದ ಕುಡಿಯೋ ನೀರಿನ ಐಸ್ ಪೆಟ್ಟಿಗೆ ಎಳ್ಕೊಂಡು ಬಾ,” ಎಂದು ಸಿಪ್ರಿಯಾನ್ ತಣ್ಣಗೆ ಹೇಳಿದ್ದ. ನೂಮಾನ ತಾತ ಮುಂದೆ ಕುಣಿದವನು, ಅಪ್ಪ ಮುಂದೆ ಕುಣಿದವನು. ಐಸ್ ಪೆಟ್ಟಿಗೆಯನ್ನು ಆ ಮನೆತನದಲ್ಲಿ ಯಾರೂ ಎಳೆದಿರಲಿಲ್ಲ.

ಈ ಸಲ ಬಾಯಿಗೆ ಹೊಲಿಗೆ ಹಾಕಿಕೊಂಡಿದ್ದೇನೆ ಎಂದು ತನ್ನನ್ನೇ ಮೆಚ್ಚಿಕೊಳ್ಳುತ್ತ ಅವನು ಡಬ್ಬ ತೆರೆದ. ಮೊದಲಿಗೆ ಸಿಕ್ಕಿದ್ದು ಓಕ್ ಮರದ ಕೆಳಗೆ ಅಪ್ಪ ಅಮ್ಮ ಇಬ್ಬರೂ ನಗುತ್ತ ನಿಂತ ಫೋಟೋ. ಮನೆಯಲ್ಲಿ ಒಳ್ಳೆಯ ಬೆಳಕು ಬೀಳುವ ಜಾಗ ಒಂದೇ, ಊಟದ ಮೇಜು. ಫೋಟೋ ಅಲ್ಲಿಟ್ಟ, ಫೋನಿನಲ್ಲಿ ಹಿಡಿದ, ಪುಟಕ್ಕೆ ಏರಿಸಿದ, ಸಿಂಹಾಸನದಲ್ಲಿ ಕೂರುವಂತೆ ಕುರ್ಚಿಯಲ್ಲಿ ಕೂತ.

ಹೃದಯಗಳು ಬೀಳತೊಡಗಿದವು. ಬೀದಿಯ ಕೊನೆಯ ಮನೆಯ ಮುದುಕಿ ಕ್ಲೋಟಿಲ್ಡ್ ಅತ್ತೆ ಬರೆದಳು: “ಈ ಮರದ ಕೆಳಗೇ ನಿಮ್ಮಮ್ಮ ನನಗೆ ಕುಣಿಯೋದು ಕಲಿಸಿದ್ದು, ಮಗಾ.” ನೂಮಾ ಅದನ್ನು ಎರಡೆರಡು ಸಲ ಓದಿದ. ಅಮ್ಮ ಹೋದಮೇಲೆ ಅವಳ ಕುಣಿತದ ಮಾತನ್ನು ಯಾರೂ ಆಡಿರಲಿಲ್ಲ. ಅವನು ಉತ್ತರ ಬರೆಯಲು ಬೆರಳೆತ್ತುವಷ್ಟರಲ್ಲಿ ಅದರ ಕೆಳಗೆ ಒರೆಲ್ ಬಂದು ಕೂತ.

“ಫೋಟೋ ಚೆನ್ನಾಗಿದೆ ನೂಮಾ. ಸುತ್ತ ಕಾಣ್ತಿರೋ ಕಿತ್ತಳೆ ಅಂಚು ಇನ್ನೂ ಚೆನ್ನಾಗಿದೆ. ತೆಗೆಯೋ ಶ್ರಮ ತಗೋಬೇಡ, ನಾನು ಉಳಿಸಿಟ್ಕೊಂಡಿದ್ದೀನಿ.”

ನೂಮಾ ಫೋಟೋ ನೋಡಿದ. ಓಕ್ ಮರದ ನಾಲ್ಕೂ ಸುತ್ತ ಕಿತ್ತಳೆ ಬಣ್ಣ ಹಬ್ಬ ಆಚರಿಸುತ್ತಿತ್ತು. ಎದ್ದ, ಕೂತ, ಮತ್ತೆ ಎದ್ದ, ಅಡುಗೆಮನೆಗೆ ಹೋಗಿ ಯಾಕೆ ಬಂದೆನೆಂದು ಮರೆತು ವಾಪಸ್ಸು ಬಂದ. ಅಷ್ಟರಲ್ಲಿ ತಲೆಯೊಳಗೆ ದೀಪ ಹತ್ತಿತು. ಒಂದೇ ಬಟ್ಟೆ ಕಂಡರೆ ಗುಟ್ಟು ರಟ್ಟು. ಮನೆಯ ಬಟ್ಟೆಯೆಲ್ಲ ಕಂಡರೆ ಯಾವುದು ಗುಟ್ಟೆಂದು ಯಾವ ಒರೆಲ್‌ಗೆ ತಾನೆ ತಿಳಿಯುತ್ತದೆ?

ಮುಂದಿನದನ್ನು ಯುದ್ಧವೆಂದೇ ಕರೆಯಬೇಕು. ಕಿಟಕಿಯ ಹಸಿರು ಪರದೆ ಕೆಳಗಿಳಿಯಿತು, ಅದರ ಮೇಲೆ ಚಿಕ್ಕಪ್ಪನ ತುತ್ತೂರಿಯ ಫೋಟೋ. ಹಾಸಿಗೆಯ ನೇರಳೆ ಹೊದಿಕೆ ಕಿತ್ತುಬಂತು, ಅದರ ಮೇಲೆ ಮೂಲೆಯ ಔಷಧದಂಗಡಿ. ಹೆಂಡತಿಯ ಅಮ್ಮ ಕೊಟ್ಟ ಗುಲಾಬಿ ಮೇಜುಹಾಸು, ಅರ್ಲೀನಳ ಚರ್ಚಿನ ಬಿಳಿ ಅಂಗಿ, ಹಳದಿ ಮಳೆಕೋಟು, ಕೊನೆಗೆ ಬಚ್ಚಲುಮನೆಯ ಕಾಲೊರಸು. ಒಂದೊಂದರ ಮೇಲೂ ಟ್ರೆಮೆಯ ಒಂದೊಂದು ಚೂರು ಇತಿಹಾಸ ಪವಡಿಸಿತು. ಊರಿನ ಜನ ಹಳೇ ಮನೆಗಳನ್ನೂ ತೀರಿಕೊಂಡವರನ್ನೂ ನೆನೆದು ಸಾಲುಸಾಲಾಗಿ ಬರೆಯುತ್ತಿದ್ದರು. ನೂಮಾ ಒಂದನ್ನೂ ಓದಲಿಲ್ಲ. ಅವನಿಗೆ ಬೇಕಾಗಿದ್ದದ್ದು ಇನ್ನೊಂದು ಬಣ್ಣ.

ಹುಡುಕುತ್ತ ಹುಡುಕುತ್ತ ಬೀರುವಿನ ತಳದಲ್ಲಿ, ಚಳಿಗಾಲದ ಕಂಬಳಿಗಳ ಅಡಿ, ಕಂದು ಕಾಗದದ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ನವಿಲಿನ ಕತ್ತಿನ ನೀಲಿ. ಅದರ ಮೇಲೆ ಚರ್ಚಿನ ಮೆಟ್ಟಿಲಲ್ಲಿ ನಿಂತ ಅಪ್ಪ ಅಮ್ಮನ ಮದುವೆಯ ಫೋಟೋ ಇಟ್ಟ. ಕಣ್ಣಿಗೆ ಹಬ್ಬ. ಏರಿಸಿದ ಕೂಡಲೇ ಎಲ್ಲಕ್ಕಿಂತ ಹೆಚ್ಚು ಹೃದಯಗಳು ಅದಕ್ಕೇ ಬಿದ್ದವು.

ಆಗ ಬಾಗಿಲು ತೆರೆಯಿತು. ಅರ್ಲೀನ್ ಮೊದಲು ಮೂಗೆತ್ತಿ ವಾಸನೆ ಹಿಡಿದಳು, ಆಮೇಲೆ ಬೋಳು ಕಿಟಕಿಗಳನ್ನು ನೋಡಿದಳು.

“ಕಾಳು ತಳ ಹಿಡಿದಿದೆ. ಪರದೆ ಎಲ್ಲಿ?”

ನೂಮಾ ಕುರ್ಚಿಯಲ್ಲಿ ಕುಸಿದ. ಕಿತ್ತಳೆ ಬಟ್ಟೆಯ ಕಥೆಯನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. “ಸಿಪ್ರಿಯಾನ್‌ಗೆ ನೀನೇ ಹೇಳು ಮಾರಾಯ್ತಿ. ನನ್ನ ಕೈಲಾಗಲ್ಲ. ಐಸ್ ಪೆಟ್ಟಿಗೆ ಎಳೀತೀನಿ, ಪರವಾಗಿಲ್ಲ.”

ಅರ್ಲೀನ್ ಬೈಯಲಿಲ್ಲ. ಟೋಪಿ ತೆಗೆದಿಟ್ಟು ನಕ್ಕಳು. “ಆ ಕಿತ್ತಳೆ ಬಟ್ಟೆ ಸಿಪ್ರಿಯಾನೇ ತಂದುಕೊಟ್ಟಿದ್ದು ಕಣೋ. ನೂಮಾನ ಕಣ್ಣಿಗೆ ಬೀಳೋ ಹಾಗೆ ಹಾಸಿಡು, ಮಿಕ್ಕಿದ್ದು ಅವನೇ ನೋಡ್ಕೋತಾನೆ ಅಂದ. ಊರೆಲ್ಲ ಕಿತ್ತಳೆ ಕಿತ್ತಳೆ ಅಂತಿರಲಿ, ನಾವು ಬೇರೆ ಬಣ್ಣದಲ್ಲಿ ಹೊರಗೆ ಬರೋಣ ಅಂತ.”

ತನ್ನನ್ನು ಎರೆಹುಳು ಮಾಡಿ ಗಾಳಕ್ಕೆ ಸಿಕ್ಕಿಸಿದ್ದರೆಂದು ನೂಮಾನಿಗೆ ಒಂದು ಕ್ಷಣ ತುಂಬ ಬೇಜಾರಾಯಿತು. ಮರುಕ್ಷಣ ಎದೆ ಉಬ್ಬಿತು.

“ಅಂದ್ರೆ ನಾನು ಮಾಡಿದ್ದು ಕ್ಲಬ್ಬಿನ ಕೆಲಸಾನೇ?”

“ಹುಟ್ಟಿದಾಗಿಂದ ಇದೇ ಮೊದಲ್ನೇ ಸಲ. ಕೊಡು, ಫೋಟೋ ನೋಡೋಣ.” ಅರ್ಲೀನ್ ಫೋನು ಇಸಿದುಕೊಂಡು ಒಂದೊಂದೇ ಸರಿಸಿದಳು. ಪರದೆಗೆ ನಕ್ಕಳು, ಕಾಲೊರಸಿಗೆ ಹಣೆ ಚಚ್ಚಿಕೊಂಡಳು. ಆಮೇಲೆ ಅವಳ ಬೆರಳು ನಿಂತಿತು.

“ನೂಮಾ. ಈ ನೀಲಿ ಬಟ್ಟೆ ನಿನಗೆಲ್ಲಿ ಸಿಕ್ತು?”

“ಬೀರುವಿನ ತಳದಲ್ಲಿ. ಕಂಬಳಿ ಕೆಳಗೆ…”

ಅವಳ ಮುಖ ನೋಡಿದವನಿಗೆ ಮುಂದಿನ ಮಾತು ಬೇಕಾಗಲಿಲ್ಲ. ಫೋನು ಕಿತ್ತುಕೊಂಡ. ಒತ್ತಬೇಕಾದಲ್ಲಿ ಒತ್ತಿದ, ಮದುವೆಯ ಫೋಟೋ ಪುಟದಿಂದ ಮಾಯವಾಯಿತು. ಬೆವರು ಒರೆಸಿಕೊಂಡು ಗೆದ್ದವನಂತೆ ನಿಂತ.

“ತೆಗೆದೆ. ಇನ್ನು ಯಾರಿಗೂ ಗೊತ್ತಾಗಲ್ಲ.”

“ಮಿಕ್ಕಿದ್ದು?” ಎಂದಳು ಅರ್ಲೀನ್ ಮೆಲ್ಲಗೆ.

“ಮಿಕ್ಕಿದ್ದೆಲ್ಲ ಹಾಗೇ ಇದೆ. ನಾನೇನು ದಡ್ಡನಾ, ಅದೊಂದನ್ನೇ ನೋಡಿ ತೆಗೆದಿದ್ದು.”

ಅರ್ಲೀನ್ ಕುರ್ಚಿ ಎಳೆದುಕೊಂಡು ಕೂತಳು. ನೂಮಾನ ಕೈಯಲ್ಲಿದ್ದ ಫೋನು ಗುಂಯ್ ಅಂದಿತು. ಒರೆಲ್ ಬರೆದಿದ್ದ:

“ಇಷ್ಟೊಂದು ಬಟ್ಟೆ ನೋಡಿ ತಲೆ ಕೆಟ್ಟುಹೋಗಿತ್ತು ಮಾರಾಯಾ. ಯಾವುದು ಅಂತ ನೀನೇ ಹೇಳಿದ್ದು ಒಳ್ಳೇದಾಯ್ತು. ನೀಲಿ ನಿಮಗೆ ಒಪ್ಪತ್ತೆ.”