ಹಿಂದಿನ ಚಕ್ರದ ಸರಪಳಿ

ಒಳಗೇ ಉಂಡು ಮಲಗಬಹುದಾದ ಹೊಸ ಕ್ಯಾಂಪರ್ ವ್ಯಾನಿನ ಜತೆ ಬಂದ ಪುಸ್ತಕವನ್ನು ಬೆವನ್ ಟಕ್‌ವೆಲ್ ಬಿಚ್ಚಿಯೂ ನೋಡಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ. ಇಪ್ಪತ್ತು ವರ್ಷ ಕ್ಯಾಂಪರ್ ಓಡಿಸಿದವನಿಗೆ ಪುಸ್ತಕವೇಕೆ? ಅವನಿಗೆ ತನ್ನ ಕ್ಯಾಂಪರ್ ಕ್ಲಬ್ಬಿನವರಿಗೆಲ್ಲ ಪಾಠ ಹೇಳುವುದರಲ್ಲೇ ಸುಖ. ಅದೇ ಕ್ಲಬ್ಬಿನ ಕಾಲಿನ್ ಪ್ರೌಸ್ ಒಮ್ಮೆ ಗಾಡಿಯನ್ನು ಹೊಳೆಗೆ ಇಳಿಸಿದ ಕತೆಯನ್ನು ಬೆವನ್ ಹೇಳದ ಸಭೆಯೇ ಇರಲಿಲ್ಲ.

ಆ ಶನಿವಾರ ಮಧ್ಯಾಹ್ನ ಎರಡಕ್ಕೆ ಘಾಟಿಯಾಚೆಯ ಓಮರಾಮ ಊರಿನಲ್ಲಿ ಕ್ಲಬ್ಬಿನ ಸಭೆ. ಇಪ್ಪತ್ತು ವರ್ಷ ಎಲ್ಲೂ ಸಿಕ್ಕಿಬೀಳದ, ಯಾರಿಂದಲೂ ಎಳೆಸಿಕೊಳ್ಳದ ಚಾಲಕನೆಂದು ಬೆವನ್‌ಗೆ ಫಲಕ ಕೊಡುವುದಿತ್ತು. ಅವನು ಬೆಳಗ್ಗೆಯೇ ಟೈ ಕಟ್ಟಿಕೊಂಡು ಹೆಂಡತಿ ನೋಲೀನ್ ಜತೆ ಹೊರಟಿದ್ದ.

ಅಕ್ಟೋಬರ್ ತಿಂಗಳು, ಆ ಸೀಮೆಯಲ್ಲಿ ಚಳಿಗಾಲ ಮುಗಿದ ಹೊತ್ತು. ಕುರಿಮರಿಗಳು ಹುಟ್ಟಿ, ಜನ ದಪ್ಪ ಕಂಬಳಿಗಳನ್ನು ಮಡಿಸಿಟ್ಟಾಗಿತ್ತು. ಆದರೆ ಲಿಂಡಿಸ್ ಘಾಟಿ ಹತ್ತುವಾಗ ಆಕಾಶ ಕಪ್ಪಿಟ್ಟು, ದಬದಬನೆ ಹಿಮ ಸುರಿಯತೊಡಗಿತು. ಕಿತ್ತಳೆ ಅಂಗಿಯ ರಸ್ತೆ ಕೆಲಸದವನೊಬ್ಬ ಗಾಡಿಗಳನ್ನು ತಡೆದು, "ಹಿಮದಲ್ಲಿ ಜಾರ್ತದೆ, ಚಕ್ರಕ್ಕೆ ಸರಪಳಿ ಹಾಕ್ದೆ ಮೇಲಕ್ಕೆ ಬಿಡಲ್ಲ" ಎಂದ.

ಬೆವನ್ ಮುಖ ಅರಳಿತು. "ಅಕ್ಟೋಬರಲ್ಲಿ ಸರಪಳಿ ಯಾಕೆ ಅಂತ ಕೇಳಿದ್ಯಲ್ಲ, ಈಗೇನಂತೀಯ?"

"ಮೊದ್ಲು ಹಾಕು, ಆಮೇಲೆ ಜಂಬ ಕೊಚ್ಚು," ಎಂದಳು ನೋಲೀನ್.

ಅವನು ಹಿಮದಲ್ಲಿ ಅಂಗಾತ ಮಲಗಿ, ಸುತ್ತ ನಿಂತವರಿಗೆ ಪಾಠವನ್ನೂ ಹೇಳುತ್ತ, ಹಳೆಯ ವ್ಯಾನಿಗೆ ಹಾಕುತ್ತಿದ್ದ ಹಾಗೇ ಹಿಂದಿನ ಎರಡೂ ಚಕ್ರಕ್ಕೆ ಸರಪಳಿ ಬಿಗಿದ. ಹತ್ತಿ ಕೂತು ಗತ್ತಿನಿಂದ ಹೊರಟ. ಮೊದಲ ತಿರುವಿನಲ್ಲೇ ಮುಂದಿನ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗಿದವು. ಹಿಂದಿನವು ಒಡವೆ ತೊಟ್ಟ ಮದುಮಗಳಂತೆ ಸುಮ್ಮನೆ ಕೂತಿದ್ದವು. ವ್ಯಾನು ಮೆಲ್ಲಗೆ ಜಾರಿ ಚರಂಡಿಗೆ ಇಳಿಯಿತು.

ಕುರಿಗಳಿಗೆ ಹುಲ್ಲು ಹಾಕಿ ಬರುತ್ತಿದ್ದ ಮುದುಕಿಯೊಬ್ಬಳು ಟ್ರ್ಯಾಕ್ಟರ್ ನಿಲ್ಲಿಸಿ ಬಗ್ಗಿ ನೋಡಿದಳು. "ಇದು ಮುಂದಿನ ಚಕ್ರ ಎಳೆಯೋ ಗಾಡಿ ಅಲ್ವೇನಪ್ಪಾ? ಸರಪಳಿ ಹಿಂದಕ್ಕೆ ಹಾಕಿದೀಯಲ್ಲ!"

"ವಾಪಸ್ ಮನೆಗೆ ಹೋಗೋಕೆ ಹಾಕಿರ್ಬೇಕು ಬಿಡಿ," ಎಂದ ಹಿಂದಿನ ಕಾರಿನವನು. ಎಲ್ಲರೂ ನಕ್ಕರು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೆ ಎನ್ನಿಸಿತು ಬೆವನ್‌ಗೆ.

ಮುದುಕಿ ವ್ಯಾನನ್ನು ಘಾಟಿಯ ತುದಿವರೆಗೂ ಎಳೆದು ತಂದು ಹಗ್ಗ ಬಿಚ್ಚಿದಳು. "ನಾನು ನೈರಿ. ನಿನ್ನ ಹೆಸರೇನಪ್ಪಾ?"

ನಿಜ ಹೆಸರು ಹೇಳಿದರೆ ಈ ಸುದ್ದಿ ತನಗಿಂತ ಮೊದಲೇ ಊರು ಮುಟ್ಟುತ್ತದೆ, ಫಲಕವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಬೆವನ್ ಬಾಯಿಂದ ತಾನಾಗಿ ಹೊರಟಿತು: "ಕಾಲಿನ್. ಕಾಲಿನ್ ಪ್ರೌಸ್."

"ಸರಿ ಕಾಲಿನ್, ನಿಧಾನಕ್ಕೆ ಹೋಗು. ನಂಗೂ ಎರಡಕ್ಕೆ ಊರಲ್ಲೊಂದು ಕೆಲಸ ಇದೆ."

ಇಳಿಜಾರು ಮುಗಿಯಿತು. ನೋಲೀನ್ ಅಂದಳು, "ಹೋದ ವರ್ಷ ನಿನಗೆ ಸೊಂಟ ಹಿಡಿದಾಗ ಎರಡು ತಿಂಗಳು ನಮ್ಮ ಅಂಗಳದ ಹುಲ್ಲು ಕತ್ತರಿಸ್ದೋನು ಕಾಲಿನ್." ಬೆವನ್ ಕಿವಿ ಕೆಂಪಾಯಿತು. ಚರಂಡಿಯಲ್ಲಿ ಆದ ನಾಚಿಕೆ ಇದರ ಮುಂದೆ ಏನೇನೂ ಅಲ್ಲ.

ಸಭಾಭವನದ ಬಾಗಿಲಲ್ಲಿ ಸಾಸೇಜ್ ಸುಡುತ್ತಿದ್ದ ಕಾಲಿನ್ ಚಿಮಟ ಹಿಡಿದೇ ಓಡಿಬಂದ. "ಹಿಮದಲ್ಲಿ ಸಿಕ್ಕೊಂಡ್ಯೇನೋ ಅಂತ ಹೆದರಿದ್ದೆ ಮಾರಾಯ. ನಾನೊಬ್ಬ ಹುಚ್ಚ, ನೀನು ಸಿಕ್ಕೊಳ್ಳೋದುಂಟಾ!" ಅವನು ಕೊಟ್ಟ ಸಾಸೇಜನ್ನು ಬೆವನ್ ನೋಲೀನ್ ಕೈಗೆ ದಾಟಿಸಿದ.

ಎರಡಕ್ಕೆ ಅಧ್ಯಕ್ಷರು ಮೈಕ್ ಹಿಡಿದರು. "ನಮ್ಮ ಗಾಡಿ ನಿಲ್ಲಿಸೋಕೆ ತಮ್ಮ ಹುಲ್ಲುಗಾವಲು ಬಿಟ್ಟುಕೊಟ್ಟವರೇ ಇವತ್ತು ಫಲಕ ಕೊಡ್ತಾರೆ. ಬನ್ನಿ ನೈರಿ!"

ಅದೇ ಕೆಸರಿನ ಬೂಟು, ಅದೇ ಮುದುಕಿ. ಬೆವನ್ ಮುಂದಿನವನ ಬೆನ್ನ ಹಿಂದೆ ಕುಗ್ಗಿದ.

"ಬರೋ ಮುಂಚೆ ನಿಮ್ಮೋರೊಬ್ಬರನ್ನ ಚರಂಡಿಯಿಂದ ಎಳೆದು ಹಾಕ್ದೆ," ಎಂದಳು ನೈರಿ. "ಸರಪಳಿ ಹಿಂದಿನ ಚಕ್ರಕ್ಕೆ! ಹೆಸರು ಕಾಲಿನ್ ಪ್ರೌಸ್."

ಸಭೆ ಬಿದ್ದು ಬಿದ್ದು ನಕ್ಕಿತು. "ನಾನು ಬೆಳಗ್ಗೆಯಿಂದ ಇಲ್ಲೇ ಇದೀನಲ್ರಪ್ಪಾ!" ಎಂದು ಕಾಲಿನ್ ಕೂಗಿದ್ದು ಯಾರಿಗೂ ಕೇಳಲಿಲ್ಲ.

ನೈರಿ ಕನ್ನಡಕ ಏರಿಸಿ ಫಲಕ ಓದಿದಳು. "ಇಪ್ಪತ್ತು ವರ್ಷ ಯಾರಿಂದಲೂ ಎಳೆಸಿಕೊಳ್ಳದ ಬೆವನ್ ಟಕ್‌ವೆಲ್! ಎಲ್ಲಿದೀರಪ್ಪಾ, ಬನ್ನಿ."

ಚಪ್ಪಾಳೆ ಮೊಳಗಿತು. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವನು ಕಾಲಿನ್. ಬೆವನ್ ಮಾತ್ರ ಕುರ್ಚಿಗೆ ಅಂಟಿಕೊಂಡು ಕೂತಿದ್ದ.

ನೋಲೀನ್ ಮೊಣಕೈಯಿಂದ ತಿವಿದಳು. "ಏಳು ಕಾಲಿನ್, ಬೆವನ್‌ನ ಕರೀತಿದಾರೆ."